ಅವರ ಒಲೆ, ನಮ್ಮ ತೆಳ್ಳೇವು

ಮಲೆನಾಡಿನ ಮನೆಗಳಲ್ಲಿ ನೆಂಟರನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಹಾಲು ಉಕ್ಕುತ್ತಿದೆ ಎಂದು ಎದ್ದರೂ "ನೀವು ಕೂತ್ಕಳಿ" ಎಂದು ಗದರಿಸಿ ಕೂರಿಸುತ್ತಾರೆ. ಅಂಥ ಊರಿನಿಂದ ಹೋದ ಹುಡುಗಿಯೊಬ್ಬಳು ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಒಂದು ಮನೆಯವರ ಅನ್ನ ತಿಂಗಳುಗಟ್ಟಲೆ ಉಂಡು, ಹೊರಡುವ ಮುನ್ನ "ಇವತ್ತು ನನ್ನ ಅಡುಗೆ" ಅನ್ನುವುದಿದೆಯಲ್ಲ, ಅದು ನಮ್ಮ ಲೆಕ್ಕದಲ್ಲಿ ಪೂರಾ ಉಲ್ಟಾ. ರೋಟರಿಯ ವಿದ್ಯಾರ್ಥಿ ವಿನಿಮಯದಲ್ಲಿ 15ರಿಂದ 19 ವರ್ಷದ ಮಕ್ಕಳು ಹೋಗುತ್ತಾರೆ. ವರ್ಷವಿಡೀ ಇರುವವರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಉಳಿಯುತ್ತಾರೆ. ಹಾಗಾಗಿ ಬೀಳ್ಕೊಡುಗೆಯ ಅಡುಗೆಯೂ ಒಂದೇ ಸಲದ್ದಲ್ಲ. ಮೊದಲ ಮನೆಯಲ್ಲಿ ಹೊತ್ತಿಸಿದ್ದನ್ನು ಎರಡನೆಯ ಮನೆಯಲ್ಲಿ ತಿದ್ದಿಕೊಳ್ಳಬಹುದು.

ಇಂಥ ಊಟ ಕೆಡುವುದು ಒಲೆ ಹಚ್ಚುವ ಮೊದಲೇ, ಪಟ್ಟಿ ಮಾಡುವಾಗ. ಇಡೀ ಮಲೆನಾಡನ್ನು ಒಂದೇ ಮೇಜಿನ ಮೇಲೆ ಸುರಿಯುವ ಆಸೆ: ಪತ್ರೊಡೆ, ಎಳೆಬಿದಿರಿನ ಕಳಲೆ, ಮಾವಿನ ಅಪ್ಪೆಹುಳಿ, ಕಾಗದದಷ್ಟು ತೆಳ್ಳನೆಯ ಸಿಹಿ ತೊಡೆದೇವು. ಪತ್ರೊಡೆಯ ಕೆಸುವಿನ ಎಲೆಗೆ ಹುಳಿ ಸಾಲದೆ ಹೋದರೆ, ಬೇಯುವುದು ಕಡಿಮೆಯಾದರೆ ಗಂಟಲು ತುರಿಸುತ್ತದೆ. ಅದು ಯಾಕೆಂದು ಪರಭಾಷೆಯಲ್ಲಿ, ಅದೂ ಕೆಮ್ಮುತ್ತಿರುವವರಿಗೆ, ವಿವರಿಸುವುದು ಕಷ್ಟ. ಕಳಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಬೇಕು. ತೊಡೆದೇವಿಗೆ ಮಗುಚಿಟ್ಟ ಗಡಿಗೆ ಬೇಕು, ಅದರ ಕೆಳಗೆ ಬೆಂಕಿ ಬೇಕು. ಇಂಡಕ್ಷನ್ ಒಲೆ ಇದೆರಡಕ್ಕೂ ಒಪ್ಪುವುದಿಲ್ಲ. ಹಿಟ್ಟು ಹುದುಗಬೇಕಾದ ದೋಸೆ, ಇಡ್ಲಿಗಳನ್ನೂ ಬಿಡಿ. ಅಲ್ಲಿಯ ಅಡುಗೆಮನೆಯ ಚಳಿಯಲ್ಲಿ ಹಿಟ್ಟು ರಾತ್ರಿಯಿಡೀ ಅಲುಗದೆ ಕೂತಿರುತ್ತದೆ.

ಉಳಿಯುವುದು ನಮ್ಮ ಊಟದ ಸಾಧು ಭಾಗ: ನೀರುದೋಸೆ, ಅದಕ್ಕೆ ಜೋನಿಬೆಲ್ಲ (ಸುರಿಯುವಷ್ಟು ತೆಳ್ಳನೆಯ ಬೆಲ್ಲ), ಅನ್ನಕ್ಕೆ ಮೆಂತ್ಯದ ತಂಬುಳಿ, ಹುರುಳಿಕಾಯಿ ಪಲ್ಯ, ಹೆಸರುಬೇಳೆ ಪಾಯಸ. ಮಸಾಲೆಯ ಆರ್ಭಟವಿಲ್ಲ, ಖಾರ ನಮ್ಮ ಕೈಯಲ್ಲೇ ಇದೆ. ಭಾರತದ ಅಡುಗೆ ಎಂದರೆ ಕೆಂಪು ಗ್ರೇವಿ ಎಂದುಕೊಂಡಿದ್ದವರ ಮುಂದೆ ಬೆಳ್ಳನೆಯ ದೋಸೆಯನ್ನೂ ತಣ್ಣನೆಯ ತಂಬುಳಿಯನ್ನೂ ಇಡುವುದರಲ್ಲಿ ಸಣ್ಣ ತುಂಟತನವೂ ಇದೆ.

ಊರಿನಿಂದ ಏನು ಒಯ್ಯಬಹುದು ಎಂಬುದಕ್ಕೆ ಕಾನೂನು ಇದೆ. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ; ಅಮ್ಮ ಕಾಯಿಸಿಕೊಟ್ಟ ತುಪ್ಪಕ್ಕೂ ಪೇಡಕ್ಕೂ ಪ್ರವೇಶವಿಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. 2019ರ ಡಿಸೆಂಬರಿನಿಂದ ಪತ್ರವಿಲ್ಲದೆ ಒಳಗೆ ಹೋಗುವ ಹಣ್ಣು ಐದೇ: ಅನಾನಸ್, ತೆಂಗು, ಬಾಳೆ, ಖರ್ಜೂರ, ಡ್ಯೂರಿಯನ್. ತುಪ್ಪಕ್ಕೆ ಅಲ್ಲಿಯ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ಆಯಿತು. ಜೋನಿಬೆಲ್ಲವನ್ನು ಕೈಚೀಲದಲ್ಲಿಟ್ಟರೆ 100 ಮಿ.ಲೀ. ನಿಯಮಕ್ಕೆ ಸಿಕ್ಕಿ ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ. ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು, ದೊಡ್ಡ ಸೂಟ್‌ಕೇಸಿನ ನಡುವೆ ಬಟ್ಟೆ ಸುತ್ತಿ ಇಡಬೇಕು. ಸೋರಿದರೆ ಇರುವೆಗಳಿಲ್ಲದ ದೇಶವೆಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಅಲ್ಲೂ ಇವೆ. ಇನ್ನು ಕೆನಡಾಕ್ಕೆ ಹೋದವರಿಗೆ ಮೇಪಲ್ ಸಿರಪ್ ಇದೆ. ಸುಮಾರು 40 ಲೀಟರ್ ಮರದ ರಸ ಕುದಿಸಿ ಒಂದು ಲೀಟರ್ ಮಾಡುತ್ತಾರೆ. ನಮ್ಮ ಆಲೆಮನೆಯ ಕೊಪ್ಪರಿಗೆ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನೀರುದೋಸೆ, ಸಾಗರದ ಕಡೆಯ ಹವ್ಯಕರ ಮನೆಗಳಲ್ಲಿ ತೆಳ್ಳೇವು. ಐದು ಜನಕ್ಕೆ 400 ಗ್ರಾಂ ಬೆಳ್ತಿಗೆ ಅಕ್ಕಿ, ನಾಲ್ಕೈದು ಗಂಟೆ ನೆನೆಯಬೇಕು. ಸೋನಾ ಮಸೂರಿ ಸಿಗದಿದ್ದರೆ ಬಾಸ್ಮತಿ ನಡೆಯುತ್ತದೆ, ಪರಿಮಳ ಸ್ವಲ್ಪ ಪರಕೀಯ ಅಷ್ಟೆ. ಸುಶಿಗೆ, ಪುಡಿಂಗಿಗೆ ಮಾರುವ ಗಿಡ್ಡ ಅಕ್ಕಿ ಬೇಡವೇ ಬೇಡ. ದೋಸೆ ಅಂಟಂಟಾಗಿ ಬಾಣಲೆಯನ್ನು ಅಪ್ಪಿಕೊಳ್ಳುತ್ತದೆ. ಏಷ್ಯನ್ ಅಂಗಡಿಯ ಅಕ್ಕಿಹಿಟ್ಟಿನಲ್ಲೂ ಎರಡು ಬಗೆ ಇದೆ. ಅಂಟು ಅಕ್ಕಿಯದ್ದನ್ನು ತಂದರೂ ಇದೇ ಗತಿ. ಅರ್ಧ ಲೋಟ ಕಾಯಿತುರಿ ಸೇರಿಸಿ ರುಬ್ಬಿ. ಫ್ರೀಜರಿನ ಕಾಯಿತುರಿ ಉತ್ತಮ. ಒಣ ತುರಿಯಾದರೆ 20 ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಸಕ್ಕರೆ ಬೆರೆಸಿದ್ದಲ್ಲ ತಾನೇ ಎಂದು ಪೊಟ್ಟಣದ ಹಿಂಬದಿ ಓದಿಕೊಳ್ಳಿ. ಅಲ್ಲಿಯ ಎತ್ತರದ ಬ್ಲೆಂಡರ್‌ಗಳು ಹಣ್ಣಿನ ರಸಕ್ಕೆಂದು ಹುಟ್ಟಿದವು, ಅಕ್ಕಿಯನ್ನು ತರಿತರಿಯಾಗಿಯೇ ಬಿಡುತ್ತವೆ. ಸ್ವಲ್ಪ ಸ್ವಲ್ಪವೇ ಹಾಕಿ ರುಬ್ಬಿ, ಜರಡಿ ಹಿಡಿದು, ಮೇಲುಳಿದ ತರಿಯನ್ನು ಮತ್ತೆ ರುಬ್ಬಬೇಕು. ರುಬ್ಬಿದ್ದೂ ಸೇರಿ ಒಟ್ಟು ಸುಮಾರು 1.1 ಲೀಟರ್ ನೀರು, ಒಂದೂವರೆ ಚಮಚ ಉಪ್ಪು. ಹಿಟ್ಟು ಸೌಟಿನಿಂದ ಮಜ್ಜಿಗೆಯಂತೆ ಇಳಿಯಬೇಕು.

ಗುಂಡುತಳದ ಬಾಣಲೆ ಇಂಡಕ್ಷನ್‌ಗೆ ಕೂರುವುದಿಲ್ಲ, ಊರಿನ ಕಬ್ಬಿಣದ ಕಾವಲಿ ಸೂಟ್‌ಕೇಸಿನ ತೂಕವನ್ನೆಲ್ಲ ತಿನ್ನುತ್ತದೆ. ಆ ಮನೆಯ 24 ಸೆಂ.ಮೀ. ನಾನ್‌ಸ್ಟಿಕ್ ತವಾವೇ ಸಾಕು. ಅದು ಚೆನ್ನಾಗಿ ಕಾದಿರಬೇಕು. ಹಿಟ್ಟು ಬಿದ್ದಾಗ ಚೊಂಯ್ ಎಂದು ತೂತು ಬೀಳದಿದ್ದರೆ ಕಾವು ಸಾಲದು. ಅಂಚಿನಿಂದ ಒಳಕ್ಕೆ ಹೊಯ್ದು ಮುಚ್ಚಿ, ಒಂದು ನಿಮಿಷ, ಮಗುಚುವುದಿಲ್ಲ. ಹರಿದರೆ ನೀರು ಹೆಚ್ಚಾಗಿದೆ, ಒಂದು ಚಮಚ ಅಕ್ಕಿಹಿಟ್ಟು ಕದಡಿ. ದಪ್ಪವಾದರೆ ನೀರು ಸೇರಿಸಿ. ಮೊದಲ ಐದು ಚೆನ್ನಾಗಿ ಬಂದು ಆರನೆಯದು ದಪ್ಪವಾಯಿತೆಂದರೆ ತಪ್ಪು ಅಳತೆಯದ್ದಲ್ಲ. ಅಕ್ಕಿ ತಳಕ್ಕೆ ಕೂತಿದೆ, ಪ್ರತಿ ದೋಸೆಗೂ ಕದಡಬೇಕಿತ್ತು. ಕಾಯಿಲ್ ಇರುವ ಕರೆಂಟ್ ಒಲೆಯಾದರೆ ಗುಂಡಿಯನ್ನು 9ರಲ್ಲಿ 7ಕ್ಕೆ ಇಟ್ಟು ಮತ್ತೆ ಮುಟ್ಟಬೇಡಿ. ಅದು ತಡವಾಗಿ ಕಾಯುತ್ತದೆ, ತಡವಾಗಿಯೇ ಆರುತ್ತದೆ. ಅದರೊಡನೆ ಜಗಳಕ್ಕೆ ನಿಂತರೆ ದೋಸೆಯೇ ಸೋಲುವುದು.

ತಂಬುಳಿಗೆ ಒಂದು ಚಮಚ ಮೆಂತ್ಯ, ಒಂದು ಚಮಚ ಜೀರಿಗೆ, ಆರು ಕಾಳುಮೆಣಸು ತುಪ್ಪದಲ್ಲಿ ಹುರಿದು ನಾಲ್ಕು ಚಮಚ ಕಾಯಿತುರಿಯೊಂದಿಗೆ ರುಬ್ಬಿ. ಮೆಂತ್ಯ ಹೊಂಬಣ್ಣಕ್ಕೆ ತಿರುಗಿದೊಡನೆ ಇಳಿಸಬೇಕು. ಕಂದಾದರೆ ಇಡೀ ಪಾತ್ರೆ ಕಹಿ, ಅದಕ್ಕೆ ಮದ್ದಿಲ್ಲ. ಅಲ್ಲಿಯ ಮೊಸರು ಗಟ್ಟಿ, ಹುಳಿಯೇ ಇಲ್ಲ. 250 ಗ್ರಾಮಿಗೆ ಅಷ್ಟೇ ನೀರು ಹಾಕಿ ಕಡೆದು, ನಾಲ್ಕು ಹನಿ ನಿಂಬೆ ಹಿಂಡಿ. ವೆನಿಲ್ಲಾ ಮೊಸರಿನ ಡಬ್ಬಿ ಬಿಳಿ ಮೊಸರಿನ ಪಕ್ಕದಲ್ಲೇ ಕೂತಿರುತ್ತದೆ, ಎಚ್ಚರ. ಪಲ್ಯ ಹೇಗೆಂದು ಹೇಳುವುದು ಬೇಡ.

ಪಾಯಸಕ್ಕೆ 200 ಗ್ರಾಂ ಹೆಸರುಬೇಳೆ ಘಮ್ಮೆನ್ನುವಷ್ಟು ಹುರಿದು, ಬೇಯಿಸಿ, 250 ಗ್ರಾಂ ಬೆಲ್ಲ ಹಾಕಿ. ಬೇಳೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ; ಮೊದಲೇ ಹಾಕಿದರೆ ಬೇಳೆ ಹಾಗೇ ಬಿಗಿದು ಕೂರುತ್ತದೆ. ಒಲೆ ಆರಿಸಿ, 400 ಮಿ.ಲೀ. ತೆಂಗಿನ ಹಾಲಿನ ಡಬ್ಬಿಯನ್ನು ಕುಲುಕಿ ಸುರಿಯಿರಿ. ಆಮೇಲೆ ಕುದಿಸಿದರೆ ಹಾಲು ಒಡೆದು ಎಣ್ಣೆ ತೇಲುತ್ತದೆ.

ಒಗ್ಗರಣೆಯ ವಿಷಯ ಬೇರೆ. ಸೂರಿನಲ್ಲಿರುವ ಹೊಗೆ ಎಚ್ಚರಿಕೆಯ ಗಂಟೆಗೆ ಒಣಮೆಣಸಿನ ಘಾಟೂ ಬೆಂಕಿ ಅನಾಹುತವೂ ಒಂದೇ. ಕಿಟಕಿ ತೆರೆದು, ಹೊಗೆ ಎಳೆಯುವ ಫ್ಯಾನು ಹಾಕಿ, ಸಾಸಿವೆ ಸಿಡಿದ ಮೇಲೆ ಒಲೆಯಿಂದ ಇಳಿಸಿ ಮೆಣಸು ಹಾಕಿ. ಬಡಿಸುವ ಮೊದಲು ಆ ಮೆಣಸನ್ನು ಹೆಕ್ಕಿ ತೆಗೆಯಿರಿ, ಇಲ್ಲದಿದ್ದರೆ ಯಾರಾದರೂ ಮರ್ಯಾದೆಗೆ ಅದನ್ನೂ ಅಗಿದು ನುಂಗುತ್ತಾರೆ. ಅಲರ್ಜಿಯನ್ನು ವಾರದ ಮೊದಲೇ ಕೇಳಿಕೊಳ್ಳಬೇಕು. ಯುರೋಪಿನಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ನಮ್ಮ ಬಡಪಾಯಿ ಸಾಸಿವೆಯೂ ಒಂದು. ಡಬ್ಬಿಯ ಇಂಗಿನಲ್ಲಿ ಹಲವು ಸಲ ಗೋಧಿಹಿಟ್ಟು ಇರುತ್ತದೆ. ಗೋಧಿ ಆಗದವರ ಮನೆಯಲ್ಲಿ ಅದು ಸೂಟ್‌ಕೇಸಿನಲ್ಲೇ ಇರಲಿ.

ನಮ್ಮಲ್ಲಿ ಬಡಿಸುವವರು ಕೊನೆಗೆ ಉಣ್ಣುತ್ತಾರೆ. ಅಲ್ಲಿ ಎಲ್ಲರೂ ಕೂರುವವರೆಗೆ ಯಾರೂ ಫೋರ್ಕ್ ಎತ್ತುವುದಿಲ್ಲ. ಅಡುಗೆಯವಳು ಒಲೆಯ ಮುಂದೆ ನಿಂತು ಬಿಸಿ ದೋಸೆ ಹೊಯ್ಯುತ್ತಿದ್ದರೆ ಮೇಜಿನ ಸುತ್ತ ಐದು ಜನ ಕೈಕಟ್ಟಿ ಕೂತಿರುತ್ತಾರೆ. ಆದ್ದರಿಂದ ಮೊದಲೇ ಮಾಡಿಡಬೇಕು: ಪ್ರತಿ ದೋಸೆಯನ್ನೂ ಬಟ್ಟೆಯ ಮೇಲೆ ಹರಡಿ, ಆರಿದ ಮೇಲೆ ನಾಲ್ಕು ಮಡಿಕೆ ಮಾಡಿ ಜೋಡಿಸಿ. ಬಿಸಿಯಲ್ಲೇ ಒಂದರ ಮೇಲೊಂದು ಹಾಕಿದರೆ ಎಲ್ಲವೂ ಸೇರಿ ಒಂದೇ ಕಡುಬಾಗುತ್ತದೆ. ಫ್ರೀಜರಿನ ಬಾಳೆಲೆ ತಂದಿದ್ದರೆ ತಟ್ಟೆಯ ಮೇಲೆ ಹಾಸಿ, ಬರೀ ಮೇಜಿನ ಮೇಲಲ್ಲ. ಅನ್ನಕ್ಕೆ ಕಟ್ಟೆ ಕಟ್ಟಿ ತಂಬುಳಿ ತಡೆಯುವ ವಿದ್ಯೆ ಒಂದೇ ದಿನಕ್ಕೆ ಬರುವಂಥದ್ದಲ್ಲ. ಆ ಎಲೆಗಳಿಗೆ ಕುಡಿಯೂ ಇರುವುದಿಲ್ಲ, ಕುಡಿ ಎಡಕ್ಕೋ ಬಲಕ್ಕೋ ಎಂಬ ತಕರಾರು ತಾನಾಗಿ ತಪ್ಪುತ್ತದೆ.

ಹಿಟ್ಟು ಒಂದು ಲೋಟದಷ್ಟು ಉಳಿಯುತ್ತದೆ, ಉಳಿಸಿಯೇ ಮಾಡಬೇಕು. ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೆ ಅಡ್ಡಿಯಿಲ್ಲ. ಹೊರಡುವ ಬೆಳಗ್ಗೆ ತಳದಿಂದ ಕದಡಿ, ಸೌಟನ್ನು ಮನೆಯವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲಿ. ಅವರ ಮೊದಲ ದೋಸೆ ಹರಿಯುತ್ತದೆ. "ನೀವು ಕೂತ್ಕಳಿ" ಅನ್ನಬೇಡಿ.