‘ಬರೆದುಕೊಡಿ ಸ್ವಾಮಿ’

ಫ್ಯಾಸಿಸಂ ಅಂದ ಕೂಡಲೇ ನಮ್ಮ ಹಾಸನದ ಟೀ ಅಂಗಡಿಯಲ್ಲಿ ಎರಡು ಪಂಗಡ ಏಳುತ್ತವೆ. ಒಂದು ಪಂಗಡಕ್ಕೆ ತನಗಾಗದವರೆಲ್ಲ ಫ್ಯಾಸಿಸ್ಟರು. ಇನ್ನೊಂದಕ್ಕೆ ಅದು 1945ರಲ್ಲೇ ಮಣ್ಣಾದ ಕಥೆ. ಇಬ್ಬರ ಕಣ್ಣೂ ಗದ್ದುಗೆಯ ಮೇಲೆ. ನೋಡಬೇಕಾದ ಜಾಗ ಇನ್ನೂ ಕೆಳಗಿದೆ: ಜಾತ್ರೆಯ ಅಂಗಡಿಸಾಲು, ಕಾಫಿ ತೋಟದ ಕೂಲಿಗಳ ಲೈನ್ ಮನೆ, ಶಾಲೆಯ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ.

ತುರ್ತುಪರಿಸ್ಥಿತಿಯನ್ನೇ ತಗೊಳ್ಳಿ. 1975ರ ಜೂನ್ 25ರಿಂದ 21 ತಿಂಗಳು ಜೈಲು, ಸೆನ್ಸಾರ್, ಭಯ. ಅದನ್ನು ಹೇರಿದ ಇಂದಿರಾ ಗಾಂಧಿಯವರನ್ನು ಅದು ಮುಗಿದು ಎರಡು ವರ್ಷ ತುಂಬುವ ಮೊದಲೇ, 1978ರ ಉಪಚುನಾವಣೆಯಲ್ಲಿ, ಲೋಕಸಭೆಗೆ ಕಳಿಸಿದ್ದು ಚಿಕ್ಕಮಗಳೂರು. (ಮರೆವಿನ ವಿಷಯದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.) ನನ್ನ ಲೆಕ್ಕದಲ್ಲಿ ತುರ್ತುಪರಿಸ್ಥಿತಿ ಸರ್ವಾಧಿಕಾರ, ಫ್ಯಾಸಿಸಂ ಅಲ್ಲ. ಅಲ್ಲಿ ಲಾಠಿ ಇದ್ದದ್ದು ಪೊಲೀಸರ ಕೈಯಲ್ಲಿ. ಫ್ಯಾಸಿಸಂ ಪಕ್ಕದ ಮನೆಯ ಹುಡುಗನ ಕೈಗೆ ದೊಣ್ಣೆ ಕೊಟ್ಟು, ಪೊಲೀಸರಿಗೆ ಆಚೆ ನೋಡಿ ಅನ್ನುತ್ತದೆ. ಫ್ಯಾಸಿಸ್ಟ್ ನಾಯಕ ಮುಸೊಲಿನಿ ಇಟಲಿಯ ಪ್ರಧಾನಿಯಾದದ್ದು 1922ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲೇ, ಪೋ ನದಿ ಬಯಲಿನ ಹಳ್ಳಿಗಳಲ್ಲಿ ಅವನ ಕರಿ ಅಂಗಿಯ ಪಡೆಯವರು ಕೂಲಿಕಾರರ ಸಂಘದ ಕಚೇರಿಗಳನ್ನು, ಸಹಕಾರ ಸಂಘಗಳನ್ನು ಸುಟ್ಟಾಗಿತ್ತು. ಅವರಿಗೆ ದುಡ್ಡು, ಲಾರಿ ಒದಗಿಸಿದವರು ಜಮೀನ್ದಾರರು. ತೋಟದ ಸೀಮೆಯವರಾದ ನಾವು ಇದನ್ನು ಎರಡು ಸಲ ಓದಬೇಕು.

ಆದರೆ ಎರಡಕ್ಕೂ ಹೊಂದುವ ಒಂದು ಗುರುತಿದೆ: ಬಾಯಿಮಾತಿನ ಆದೇಶ. ತುರ್ತುಪರಿಸ್ಥಿತಿಯ ಮೊದಲ ರಾತ್ರಿ ದೆಹಲಿಯ ಪತ್ರಿಕೆಗಳ ಕರೆಂಟ್ ಹೋದದ್ದು ಮೌಖಿಕ ಅಪ್ಪಣೆಯ ಮೇಲೆ. ಮೊದಲು ಹಿಡಿದು ಆಮೇಲೆ ಹಳೇ ತಾರೀಖು ಹಾಕಿ ಬಂಧನದ ಆದೇಶ ಬರೆದದ್ದನ್ನು, ತುರ್ತುಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ತನಿಖೆ ಮಾಡಿದ ಶಾ ಆಯೋಗ ಪತ್ತೆಹಚ್ಚಿತು. ಕಾನೂನು ಇಲ್ಲದ ಕಡೆ ಬಾಯಿಮಾತು ಮುಂದೆ ಹೋಗಿ ದಾರಿ ಮಾಡುತ್ತದೆ, ಕಾಗದ ಹಿಂದಿನಿಂದ ಬರುತ್ತದೆ. 1933ರ ಏಪ್ರಿಲ್ 1ರಂದು ಜರ್ಮನಿಯಲ್ಲಿ ಯೆಹೂದಿಗಳ ಅಂಗಡಿ ಮುಂದೆ, ಇಲ್ಲಿ ಕೊಳ್ಳಬೇಡಿ ಅನ್ನುತ್ತ ನಾಜಿ ಪಡೆಯವರು ನಿಂತರು. ಎಷ್ಟೋ ಗಿರಾಕಿಗಳು ಅವರನ್ನು ದಾಟಿಕೊಂಡೇ ಒಳಗೆ ಹೋದರು, ಬಹಿಷ್ಕಾರ ಒಂದೇ ದಿನಕ್ಕೆ ನಿಂತಿತು. ಸೋತಿತು ಅಂದುಕೊಂಡವರಿಗೆ ಏಪ್ರಿಲ್ 7ರಂದು ಉತ್ತರ ಬಂತು: ಯೆಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು.

2022ರಲ್ಲಿ ಕರ್ನಾಟಕದ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರ್ ಎದ್ದವು. ಆಮೇಲೆ ಧಾರ್ಮಿಕ ದತ್ತಿ ನಿಯಮ 31(12) ಹುಡುಕಿ ತೆಗೆದರು. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಅನ್ನುತ್ತದೆ ಆ ನಿಯಮ. ಮೂರು ದಿನದ ಬಳೆ ಅಂಗಡಿ ಗುತ್ತಿಗೆಯೇ? ಆ ಪ್ರಶ್ನೆ ಕೇಳುವ ಹೊತ್ತಿಗೆ ಜಾತ್ರೆ ಮುಗಿದಿರುತ್ತದೆ. ಅದೇ ವರ್ಷ ಬೇಲೂರು ಚೆನ್ನಕೇಶವನ ತೇರಿನ ಮುಂದೆ ಕುರಾನ್ ಓದುವ ಪದ್ಧತಿಗೂ ಆಕ್ಷೇಪ ಬಂತು. ಆದರೆ ಓದು ನಡೆಯಿತು, ತೇರೂ ಸಾಗಿತು.

ಹಾಗಾಗಿ ಮೊದಲ ಕೆಲಸ, ‘ಬರೆದುಕೊಡಿ ಸ್ವಾಮಿ’ ಅನ್ನುವುದು. ಜಗಳದ ದನಿಯಲ್ಲಿ ಬೇಡ, ಮೆತ್ತಗೆ ಸಾಕು. ‘ಮೇಲಿನಿಂದ ಹೇಳಿದ್ದಾರೆ’ ಅಂದರೆ ಯಾರು, ಯಾವ ತಾರೀಖು, ಯಾವ ಪತ್ರ ಸಂಖ್ಯೆ? ಅರ್ಧಕ್ಕರ್ಧ ಆದೇಶಗಳು ಇಲ್ಲೇ ಆವಿಯಾಗುತ್ತವೆ. ಬರೆದೇ ಕೊಟ್ಟರೆ ಒಳ್ಳೆಯದೇ ಆಯಿತು, ಕೋರ್ಟಿಗೆ ಒಯ್ಯಲು ಕಾಗದ ಸಿಕ್ಕಿತು. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ‘ಏಕೆ ಹೀಗೆ ಮಾಡಿದಿರಿ’ ಅಂತ ಕೇಳಿದರೆ ತಿರಸ್ಕಾರ ಖಚಿತ. ‘ಅಂಗಡಿ ಹಂಚಿಕೆಯ ಆದೇಶದ ಪ್ರತಿ, ಹರಾಜಿನ ಷರತ್ತುಗಳ ಪ್ರತಿ, ಸಭೆಯ ನಡಾವಳಿ’ ಅಂತ ಕೇಳಿ. ಒಬ್ಬರೇ ಹಾಕಬೇಡಿ. ಒಂಟಿ ಅರ್ಜಿದಾರನನ್ನು ಹೆದರಿಸುವುದು ಸುಲಭ. ನಾಲ್ಕು ಬೀದಿಯ ನಾಲ್ಕು ಜನ ಹಾಕಿ, ಜಾತಿ ಧರ್ಮ ಬೇರೆಬೇರೆ ಇರಲಿ.

ಬ್ಯಾನರ್ ಕಂಡರೆ ಹರಿಯಲು ಹೋಗಬೇಡಿ, ಕೇಸು ನಿಮ್ಮ ಮೇಲೆ ಬೀಳುತ್ತದೆ. ಅನುಮತಿ ಕೊಟ್ಟವರಾರು ಅಂತ ಪುರಸಭೆಗೆ ಬರೆಯಿರಿ.

ಲೈನ್ ಮನೆಗೆ ನುಗ್ಗಿ ಅಸ್ಸಾಂ ಕಡೆಯ ಕೂಲಿಗಳ ಆಧಾರ್ ಕೇಳುವ ಗುಂಪಿಗೆ ಆ ಅಧಿಕಾರವೇ ಇಲ್ಲ. ತೋಟದ ಮೇಸ್ತ್ರಿ, ಲೆಕ್ಕ ಬರೆಯುವ ರೈಟರ್, ಸಾಹುಕಾರ್ರು ಇಷ್ಟು ಕಲಿತರೆ ಸಾಕು: ಕಾರ್ಡ್ ತೋರಿಸುವುದಿಲ್ಲ, 112ಕ್ಕೆ ಕರೆ ಮಾಡುತ್ತೇವೆ, ಗಾಡಿ ನಂಬರ್ ಬರೆದುಕೊಳ್ಳುತ್ತೇವೆ. ವಿಡಿಯೋ ಮಾಡಿದರೆ ಮೂಲ ಫೈಲ್ ಅದೇ ಫೋನಿನಲ್ಲಿರಲಿ. ವಾಟ್ಸಾಪ್‌ನಲ್ಲಿ ಹೋದದ್ದು ಕುಗ್ಗಿ, ತಾರೀಖು ಕಳೆದುಕೊಂಡು ಬರುತ್ತದೆ. ಕೋರ್ಟಿನಲ್ಲಿ ಆ ಫೈಲ್ ಯಾವ ಸಾಧನದ್ದು ಎಂದು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಬೇಕು. ಖಂಡಿಸುವುದಕ್ಕೇ ಆದರೂ ದ್ವೇಷದ ವಿಡಿಯೋ ಫಾರ್ವರ್ಡ್ ಮಾಡಬೇಡಿ, ಏಟು ತಿಂದವರ ಮುಖ ಹಾಕಬೇಡಿ. ಬುದ್ಧಿವಂತರೇ ಹೆಚ್ಚಾಗಿ ಮಾಡುವ ತಪ್ಪು ಇದು.

ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಂತೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ದ್ವೇಷ ಭಾಷಣಕ್ಕೆ ಯಾರೂ ದೂರು ಕೊಡದಿದ್ದರೂ, ಮಾತಾಡಿದವರ ಧರ್ಮ ನೋಡದೆ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ಅರ್ಜಿಯಲ್ಲಿ ಆ ತಾರೀಖು ಬರೆದರೆ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಇದೆಲ್ಲ ಒಬ್ಬರಿಂದ ಆಗುವ ಕೆಲಸವಲ್ಲ. 1931ರಲ್ಲಿ ಇಟಲಿಯ ಪ್ರೊಫೆಸರುಗಳಿಗೆ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಅಂದಾಗ, ಸಾವಿರದ ಇನ್ನೂರರಷ್ಟು ಜನರಲ್ಲಿ ಒಲ್ಲೆ ಅಂದವರು ಒಂದು ಡಜನ್ ಅಷ್ಟೇ. ಒಬ್ಬೊಬ್ಬರನ್ನೇ ಕೇಳಿದ್ದರು, ಒಬ್ಬೊಬ್ಬರೇ ಸಹಿ ಹಾಕಿದರು. 1942ರಲ್ಲಿ, ಜರ್ಮನಿಯ ವಶದಲ್ಲಿದ್ದ ನಾರ್ವೆಯ ಶಾಲಾ ಮೇಷ್ಟ್ರುಗಳು ಉಲ್ಟಾ ಮಾಡಿದರು. ನಾಜಿ ಶಿಕ್ಷಕರ ಸಂಘಕ್ಕೆ ಸೇರುವುದಿಲ್ಲ ಎಂಬ ಪುಟ್ಟ ಒಕ್ಕಣೆಯನ್ನು ಸಾವಿರಾರು ಜನ ಒಂದೇ ಮಾತಿನಲ್ಲಿ, ತಂತಮ್ಮ ಸಹಿಯಲ್ಲಿ ಕಳಿಸಿದರು. ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು, ನೂರಾರು ಮಂದಿಯನ್ನು ಉತ್ತರದ ಕಿರ್ಕೆನೆಸ್‌ಗೆ ಕೂಲಿಗೆ ಸಾಗಿಸಿದರು. ಆದರೂ ಆ ನಾಜಿ ಸಂಘ ತಳವೂರಲಿಲ್ಲ, ವರ್ಷ ಮುಗಿಯುವುದರೊಳಗೆ ಮೇಷ್ಟ್ರುಗಳು ಮನೆಗೆ ಬಂದರು. ಒಕ್ಕಣೆ ಒಂದೇ ಆಗಿದ್ದರಿಂದ ‘ಬರೆದವನು ಯಾರು’ ಅಂತ ಹುಡುಕಲು ಯಾರೂ ಸಿಗಲಿಲ್ಲ.

ಚೈತ್ರದಲ್ಲಿ ಬೇಲೂರು ತೇರು. ಮಾಹಿತಿ ಅರ್ಜಿಯ ಉತ್ತರಕ್ಕೆ 30 ದಿನ, ಕೊಡದಿದ್ದರೆ ಮೇಲ್ಮನವಿಗೆ ಇನ್ನೂ 30. ಅಂಗಡಿಸಾಲಿನ ಷರತ್ತು ಏನೆಂದು ತಿಳಿಯಬೇಕಿದ್ದರೆ ಅರ್ಜಿ ಮಾಘದಲ್ಲೇ ಹೋಗಿರಬೇಕು.