ಕಲೆ ಮಾಯವಾದ ಮೇಲೂ ಆ ಜಾಗದ ಮೇಲೆ ಕಣ್ಣಿರಲಿ

ಬಿಸಿಲಿನಿಂದ ಚರ್ಮದ ಮೇಲೆ ಏಳುವ ಕ್ಯಾನ್ಸರ್‌ಪೂರ್ವ ಕಲೆಗಳು, ಅಂದರೆ ಆಕ್ಟಿನಿಕ್ ಕೆರಟೋಸಿಸ್, ಚಿಕಿತ್ಸೆಯಿಲ್ಲದೆಯೂ ಇಳಿಯಬಲ್ಲವು ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ, ಅದು ನಿಜ. 1986ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಸುಮಾರು ಕಾಲು ಭಾಗದಷ್ಟು ಕಲೆಗಳು ಒಂದು ವರ್ಷದೊಳಗೆ ತಾವಾಗಿಯೇ ಮಾಯವಾಗಿದ್ದವು. ಆದರೆ ಹಾಗೆ ಮಾಯವಾದವುಗಳಲ್ಲಿ ಅನೇಕವು ಮರಳುತ್ತವೆ ಎಂಬ ಮಾತನ್ನು ಆ ಲೇಖನ ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಸರಿ ಕಾಣಲಿಲ್ಲ.

ನಮ್ಮ ಭಾಗದ ಬಹುತೇಕರ ಚರ್ಮದಲ್ಲಿ ಅದಕ್ಕೆ ಬಣ್ಣ ಕೊಟ್ಟು ಬಿಸಿಲಿನಿಂದ ಕಾಯುವ ಮೆಲನಿನ್ ಹೆಚ್ಚಿರುವುದರಿಂದ ಈ ಕಲೆಗಳು ಅಪರೂಪ. ಹಾವೇರಿ ಸಮೀಪದ ಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ಆ ರಕ್ಷಣೆ ಇರಲಿಲ್ಲ. ಅವರಿಗೆ ಹುಟ್ಟಿನಿಂದಲೇ ಆಲ್ಬಿನಿಸಂ, ಅಂದರೆ ಚರ್ಮದಲ್ಲಿ ಮೆಲನಿನ್ ತೀರಾ ಕಡಿಮೆ ಇರುವ ಸ್ಥಿತಿ, ಜೀವನವೆಲ್ಲ ಕಳೆದದ್ದು ಮೆಣಸಿನಕಾಯಿ ಹೊಲದಲ್ಲಿ. ತಲೆಗೆ ರುಮಾಲು ಸುತ್ತುತ್ತಿದ್ದರೂ ಕಿವಿಯ ಅಂಚು ಹೊರಗೇ ಉಳಿಯುತ್ತಿತ್ತು, ಅಲ್ಲಿಯೇ ಬೆರಳಿಗೆ ಉಸುಕಿನ ಕಾಗದದಂತೆ ಒರಟಾಗಿ ತಾಗುವ ಹಕ್ಕಳೆಯೊಂದು ಎದ್ದಿತ್ತು. ಮಳೆಗಾಲದಲ್ಲಿ ಅದು ಉದುರಿ ಚರ್ಮ ನುಣುಪಾದಾಗ ಮನೆಯವರೆಲ್ಲ ನಿಶ್ಚಿಂತರಾದೆವು. ಮರುವರ್ಷ ಅದೇ ಜಾಗದಲ್ಲಿ ಮತ್ತೆ ಬಂದದ್ದು ಬುಡದಲ್ಲಿ ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತ, ರಕ್ತ ಜಿನುಗಿಸತೊಡಗಿತು. ಹುಬ್ಬಳ್ಳಿಯಲ್ಲಿ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿದಾಗ ಅದು ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಎಂಬ ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು. ಪುಣ್ಯಕ್ಕೆ ಕಿವಿಯಂಚಿನ ಸಣ್ಣ ತುಣುಕನ್ನು ತೆಗೆಯುವುದರಲ್ಲೇ ಮುಗಿಯಿತು.

ಒಂದೊಂದು ಕಲೆ ಕ್ಯಾನ್ಸರ್ ಆಗುವ ಸಾಧ್ಯತೆ ಕಡಿಮೆಯೇ, ಒಪ್ಪುತ್ತೇನೆ. ಆದರೆ ಯಾವುದು ಇಳಿಯುತ್ತದೆ, ಯಾವುದು ಬೆಳೆಯುತ್ತದೆ ಎಂಬುದನ್ನು ಮೊದಲೇ ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ. ಬಿಸಿಲು ತಪ್ಪಿಸುವುದರಿಂದ ಲಾಭವಂತೂ ಖಚಿತ: 1993ರಲ್ಲಿ ಪ್ರಕಟವಾದ, 588 ಜನರ ಮೇಲೆ ನಡೆದ ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನದಲ್ಲಿ, ಒಂದು ಬೇಸಿಗೆ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಹೊಸ ಕಲೆಗಳು ಕಡಿಮೆಯಾಗಿ, ಹಳೆಯವು ಹೆಚ್ಚು ಇಳಿದಿದ್ದವು. ಮಾವ ಈಗ ಕಿವಿ ಮುಚ್ಚುವಂತೆ ರುಮಾಲು ಸುತ್ತುತ್ತಾರೆ, ಆರು ತಿಂಗಳಿಗೊಮ್ಮೆ ಚರ್ಮದ ವೈದ್ಯರಿಗೆ ತೋರಿಸುತ್ತಾರೆ.