ಕಪ್ಪು ಕಂಡರೆ ಸಾಕು, ಮೆಲನೋಮಾ!

ಇವತ್ತು ಮತ್ತೆ ಅಂಥದ್ದೇ ಒಂದು ಎಫ್‌ಎನ್‌ಎಸಿ (ಗಡ್ಡೆಯಿಂದ ತೆಳು ಸೂಜಿಯಲ್ಲಿ ಕೋಶ ಎಳೆದು ನೋಡುವ ಪರೀಕ್ಷೆ) ರಿಪೋರ್ಟ್. ಬೆನ್ನ ಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಬೆಳೆದ ಗಟ್ಟಿ ಗಡ್ಡೆ, ಸ್ಮಿಯರ್‌ನಲ್ಲಿ (ಗಾಜಿನ ಸ್ಲೈಡ್ ಮೇಲೆ ಸವರಿದ ಮಾದರಿಯಲ್ಲಿ) ಒಂದೇ ತರಹದ ಸ್ಪಿಂಡಲ್ (ಕದಿರಿನಾಕಾರದ) ಕೋಶಗಳು, ಅಲ್ಲಲ್ಲಿ ಕಂದು ಕಣ ತುಂಬಿಕೊಂಡ ಕೋಶಗಳು. ಕೆಳಗೆ ಒಂದೇ ಪದ: ಮೆಲನೋಮಾ, ಅಂದರೆ ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರ್. ಅಬ್ಬಾ, ಏನು ಧೈರ್ಯ!

ಬೆಡ್ನಾರ್ ಗಡ್ಡೆ ಅಂತ ಒಂದಿದೆ ಮಾರಾಯ್ರೆ. 1957ರಿಂದ ಪುಸ್ತಕದಲ್ಲಿದೆ. ಡಿಎಫ್‌ಎಸ್‌ಪಿಯದೇ (ಡರ್ಮಟೋಫೈಬ್ರೋಸಾರ್ಕೋಮಾ ಪ್ರೊಟ್ಯುಬರನ್ಸ್, ಚರ್ಮದಲ್ಲಿ ನಿಧಾನಕ್ಕೆ ಬೆಳೆಯುವ ಒಂದು ಕ್ಯಾನ್ಸರ್) ಮೆಲನಿನ್ ಅನ್ನೋ ಕಪ್ಪು-ಕಂದು ಬಣ್ಣದ ವಸ್ತು ಇರುವ ರೂಪ, ಅಪರೂಪದ್ದು. ಇದರಲ್ಲಿ ನ್ಯೂಕ್ಲಿಯಸ್‌ಗಳು (ಕೋಶಕೇಂದ್ರಗಳು) ಸೌಮ್ಯ, ಮೈಟೋಸಿಸ್ (ಕೋಶ ವಿಭಜನೆ) ಕಡಿಮೆ, ತುಣುಕುಗಳಲ್ಲಿ ಕೋಶಗಳು ಸುತ್ತಿಕೊಂಡಂತೆ ಕೂತಿರುತ್ತವೆ. ಸಾಮಾನ್ಯ ಮೆಲನೋಮಾದಲ್ಲಿ ಕೋಶಗಳು ಚೆದುರಿರುತ್ತವೆ, ನ್ಯೂಕ್ಲಿಯಸ್ ಒಳಗಿನ ಚುಕ್ಕೆ, ನ್ಯೂಕ್ಲಿಯೋಲಸ್, ಎದ್ದು ಕಾಣುತ್ತದೆ. ಸ್ಪಿಂಡಲ್ ಮೆಲನೋಮಾ ಮಾತ್ರ ಮೋಸ ಮಾಡುತ್ತದೆ, ಒಪ್ಪಿದೆ. ಅದಕ್ಕೇ ಸೆಲ್ ಬ್ಲಾಕ್ (ಸೂಜಿಯ ಮಾಲನ್ನು ಮೇಣದಲ್ಲಿ ಗಟ್ಟಿ ಮಾಡಿ ಕತ್ತರಿಸಿ ನೋಡುವ ಮಾದರಿ) ಬೇಕು ಅಂತ ಬಡಕೊಳ್ಳೋದು.

23 ಗೇಜ್ ಸೂಜಿಯಲ್ಲಿ ಎರಡು ಮೂರು ಕಡೆ ಚುಚ್ಚಿ. ಕೆಲವು ಸ್ಲೈಡ್ ಗಾಳಿಗೆ ಒಣಗಿಸಿ ಗೀಮ್ಸಾ ಸ್ಟೇನ್‌ಗೆ, ಕೆಲವನ್ನು ತಕ್ಷಣ 95% ಆಲ್ಕೋಹಾಲಿಗೆ ಹಾಕಿ ಪ್ಯಾಪ್ ಸ್ಟೇನ್‌ಗೆ. ಉಳಿದದ್ದನ್ನು ಸಿಂಕಿಗೆ ಚೆಲ್ಲಬೇಡಿ, ಸೆಲ್ ಬ್ಲಾಕ್‌ಗೆ ಅಂತ ಫಾರ್ಮಲಿನ್‌ಗೆ ಹಾಕಿ. ಕಂದು ಕಣ ಹಳೇ ರಕ್ತದ ಹಿಮೋಸಿಡರಿನ್ ಇರಬಹುದು. ಪರ್ಲ್ಸ್ ಸ್ಟೇನ್‌ನಲ್ಲಿ ನೀಲಿಯಾದರೆ ಅದು ಕಬ್ಬಿಣ. ಮೆಲನಿನ್ ಆದರೆ ಮ್ಯಾಸನ್-ಫೊಂಟಾನಾ ಸ್ಟೇನ್‌ನಲ್ಲಿ ಕಪ್ಪಾಗುತ್ತದೆ, ಬ್ಲೀಚ್ ಮಾಡಿದರೆ ಹೋಗುತ್ತದೆ.

ಕೋಶದ ಪ್ರೋಟೀನ್ ಗುರುತಿಸುವ ಸ್ಟೇನ್‌ಗಳಲ್ಲಿ ಬರೀ ಎಸ್-100 ಮಾಡಿ ಕೂರುವವರಿಗೆ ಕೈ ಮುಗಿಯಬೇಕು. ಬೆಡ್ನಾರ್‌ನಲ್ಲೂ ಆ ಬಣ್ಣದ ಕೋಶಗಳು ಎಸ್-100 ಪಾಸಿಟಿವ್! ನೋಡಬೇಕಾದದ್ದು ಸ್ಪಿಂಡಲ್ ಕೋಶಗಳನ್ನು: ಅಲ್ಲಿ ಸಿಡಿ34 ಅನ್ನೋ ಇನ್ನೊಂದು ಪ್ರೋಟೀನ್ ಪಾಸಿಟಿವ್, ಎಸ್-100 ನೆಗೆಟಿವ್. ಕ್ರೋಮೋಜೆನ್ (ಪಾಸಿಟಿವ್ ಜಾಗಕ್ಕೆ ಬಣ್ಣ ಕೊಡುವ ವಸ್ತು) ಕೂಡ ಕೆಂಪು ಬಳಸಿ. ಕಂದಿನದು ಹಾಕಿದರೆ ಯಾವುದು ಸ್ಟೇನ್, ಯಾವುದು ಮೆಲನಿನ್ ಅಂತ ದೇವರೇ ಹೇಳಬೇಕು.

"ಹೇಗೂ ಬಯಾಪ್ಸಿ ಆಗುತ್ತಲ್ಲ, ಇಷ್ಟೆಲ್ಲ ಯಾಕೆ?" ಅನ್ನುವವರಿದ್ದಾರೆ. ಆಗುತ್ತೆ, ಸರಿ. ಅಷ್ಟರಲ್ಲಿ ಮೆಲನೋಮಾ ಅನ್ನೋ ಪದ ಮನೆಯವರ ಕಿವಿಗೆ ಬಿದ್ದಾಗಿರುತ್ತದೆ, ಸೆಂಟಿನೆಲ್ ನೋಡ್ (ಕ್ಯಾನ್ಸರ್ ಮೊದಲು ಹರಡಬಹುದಾದ ದುಗ್ಧಗ್ರಂಥಿ) ತೆಗೆಯುವ ಮಾತೂ ಶುರುವಾಗಿರುತ್ತದೆ. ಡಿಎಫ್‌ಎಸ್‌ಪಿ ನೋಡ್‌ಗೆ ಹೋಗೋದೇ ಅಪರೂಪ. ಅದರ ಕಾಟ ಇರೋದು ಅದೇ ಜಾಗದಲ್ಲಿ ಮರುಕಳಿಸೋದರಲ್ಲಿ, ಅದಕ್ಕೇ ಮಾರ್ಜಿನ್ (ಗಡ್ಡೆಯ ಸುತ್ತ ಸೇರಿಸಿ ಕತ್ತರಿಸುವ ಒಳ್ಳೆಯ ಅಂಚು) ಅಗಲವಾಗಿರಬೇಕು. ಮೆಲನೋಮಾ ಮಾರ್ಜಿನ್ ನಿಂತಿರೋದು ಬ್ರೆಸ್ಲೋ ದಪ್ಪದ (ಗಡ್ಡೆ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಅನ್ನೋ ಅಳತೆಯ) ಮೇಲೆ. ಆ ದಪ್ಪವನ್ನು ಸೂಜಿ ಅಳೆಯೋದಿಲ್ಲ, ಎಷ್ಟು ಚುಚ್ಚಿದರೂ.

ಸೆಲ್ ಬ್ಲಾಕ್‌ಗೆ ಮಾಲೇ ಸಿಗಲಿಲ್ಲವಾ? "ಮೆಲನಿನ್ ಇರುವ ಸ್ಪಿಂಡಲ್ ಸೆಲ್ ಗಡ್ಡೆ, ಬೆಡ್ನಾರ್, ಮೆಲನೋಮಾ ಎರಡನ್ನೂ ಪರಿಗಣಿಸಿ, ಬಯಾಪ್ಸಿ, ಸಿಡಿ34, ಎಸ್-100 ಬೇಕು" ಅಂತ ಬರೆಯಿರಿ. ಒಂದು ಸಾಲು ಜಾಸ್ತಿ ಆಗುತ್ತದೆ, ಅಷ್ಟೇ.